ಕತ್ತರಿ ಆಡಿದ ಮೈಗೆ ಮಾಗಿಯ ಚಳಿ

ಅಲಾಸ್ಕಾದ ಆಂಕರೇಜ್‌ನಿಂದ ನೋಮ್ ಪಟ್ಟಣದವರೆಗೆ ಸುಮಾರು 1,600 ಕಿಲೋಮೀಟರ್ ಹಿಮದ ಹಾದಿ. ಇಡಿಟರಾಡ್ ಎಂಬ ಹೆಸರಿನ ಈ ಓಟದಲ್ಲಿ ಜಾರುಬಂಡಿ ಎಳೆಯುವುದು ಹಸ್ಕಿಗಳ ಕೆಲಸ. 1988ರಲ್ಲಿ ಜಾನ್ ಸೂಟರ್ ಎಂಬಾತ ತನ್ನ ತಂಡಕ್ಕೆ ಪೂಡಲ್‌ಗಳನ್ನು ಕಟ್ಟಿಕೊಂಡು ಬಂದ. ಮುಂದಿನ ಮೂರು ವರ್ಷವೂ ಬಿಡದೆ ಬಂದ. ಪೂಡಲ್‌ಗಳಿಗೆ ಓಡುವ ಹುರುಪಿತ್ತು, ಕೈಕೊಟ್ಟದ್ದು ಕೂದಲು. ಗುಂಗುರು ಕೂದಲಿಗೆ ಹಿಮ ಮೆತ್ತಿಕೊಂಡು ಸಿಕ್ಕುಗಟ್ಟುತ್ತಿತ್ತು, ಪಾದಗಳು ಚಳಿಗೆ ಸೆಡೆತುಕೊಳ್ಳುತ್ತಿದ್ದವು. ಕೆಲವು ನಾಯಿಗಳನ್ನು ನಡುದಾರಿಯ ತಂಗುದಾಣಗಳಲ್ಲೇ ಬಿಟ್ಟು ಮುಂದೆ ಸಾಗಬೇಕಾಯಿತು. ಆಮೇಲೆ ಓಟದ ನಿಯಮವೇ ಬದಲಾಯಿತು: ಉತ್ತರದ ಚಳಿಗೆ ಒಗ್ಗಿದ ತಳಿಗಳಿಗಷ್ಟೇ ಪ್ರವೇಶ.

ಪೂಡಲ್ ಬೋಳುಮೈಯ ನಾಯಿಯೇನಲ್ಲ. ಕತ್ತರಿಸದೆ ಬಿಟ್ಟರೆ ಅದರ ಕೂದಲು ಬೆಳೆಯುತ್ತಲೇ ಹೋಗುತ್ತದೆ. ಹಾಗಿದ್ದೂ ಅದು ಹಿಮದಲ್ಲಿ ಸೋತಿತು. ಕೂದಲು ಉದ್ದವಿದ್ದರೆ ಬೆಚ್ಚಗಿರುತ್ತದೆ, ಕತ್ತರಿಸಿದರೆ ಚಳಿಯಾಗುತ್ತದೆ ಎಂಬ ಸರಳ ಲೆಕ್ಕ ನಾಯಿಯ ಮೈಮೇಲೆ ಪೂರ್ತಿ ಒಗ್ಗುವುದಿಲ್ಲ ಎನ್ನಲು ಇಷ್ಟು ಸಾಕು. ಚಳಿಗಾಲದಲ್ಲಿ ನಾಯಿಗೆ ಸ್ನಾನ ಮಾಡಿಸಿ, ಕೂದಲು ಟ್ರಿಮ್ ಮಾಡಿಸಿ ಮನೆಗೆ ಕರೆತರುವವರು ಹೆದರಬೇಕಾದದ್ದು ಮುಖ್ಯವಾಗಿ ಕತ್ತರಿಗಲ್ಲ, ತೇವಕ್ಕೆ.

ನಾಯಿಯನ್ನು ಬೆಚ್ಚಗಿಡುವುದು ಕೂದಲಿಗಿಂತ ಹೆಚ್ಚಾಗಿ ಕೂದಲ ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿ. ಕುರಿ ಕಂಬಳಿ ಹೊದ್ದವರನ್ನು ಕಾಯುವುದೂ ಅದೇ ಗಾಳಿಯೇ. ಅಲುಗದೆ ನಿಂತ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಮಹಾ ಸೋಮಾರಿ. ಈ ಗಾಳಿಯನ್ನು ಹಿಡಿದಿಡಲು ನಾಯಿಯ ಚರ್ಮದಲ್ಲಿ ಅಚ್ಚುಕಟ್ಟಾದ ವ್ಯವಸ್ಥೆಯಿದೆ. ಮನುಷ್ಯರ ತಲೆಯಲ್ಲಿ ಒಂದು ರಂಧ್ರದಿಂದ ಒಂದೋ ಎರಡೋ ಕೂದಲು ಹೊರಬಂದರೆ, ನಾಯಿಯ ಒಂದೇ ರಂಧ್ರದಿಂದ ಒಂದು ದಪ್ಪನೆಯ ಹೊರಗೂದಲೂ ಅದರ ಸುತ್ತ ಹಲವು ನವಿರಾದ ಒಳಗೂದಲೂ ಗೊಂಚಲಾಗಿ ಹೊರಡುತ್ತವೆ. ಹೊರಗೂದಲು ಮಳೆ, ಹಿಮ, ಧೂಳನ್ನು ತಡೆಯುತ್ತದೆ. ಒಳಗೂದಲು ಗಾಳಿಯನ್ನು ಹಿಡಿದಿಡುತ್ತದೆ. ಚಳಿ ಹೆಚ್ಚಿದರೆ ಬುಡದ ಪುಟ್ಟ ಸ್ನಾಯುಗಳು ಕೂದಲನ್ನು ನಿಮಿರಿಸಿ ಗಾಳಿಯ ಪದರವನ್ನು ಇನ್ನಷ್ಟು ದಪ್ಪ ಮಾಡುತ್ತವೆ. ಹಸ್ಕಿ, ಪಮೇರಿಯನ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಈ ಒಳಗೂದಲು ದಟ್ಟ. ಪೂಡಲ್, ಮಾಲ್ಟೀಸ್‌ಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಈಗ ಈ ಗಾಳಿಯ ಜಾಗಕ್ಕೆ ನೀರು ಬಂದು ಕೂತಿತು ಎಂದುಕೊಳ್ಳಿ. ನೀರು ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಸಾಗಿಸುತ್ತದೆ. ಕೂದಲು ಚರ್ಮಕ್ಕೆ ಅಂಟಿಕೊಂಡು ಗಾಳಿಯ ಪದರ ಪೂರ್ತಿ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಆಮೇಲಿನದು. ಒಂದು ಗ್ರಾಂ ನೀರು ಆವಿಯಾಗಿ ಹೋಗಲು ಅರ್ಧ ಕಿಲೋಕ್ಯಾಲೊರಿಗಿಂತ ಹೆಚ್ಚು ಶಾಖ ಬೇಕು. ಆ ಶಾಖದ ಬಹುಪಾಲು ಬರುವುದು ನಾಯಿಯ ಮೈಯಿಂದ. ಆರು ಕಿಲೋ ತೂಗುವ ಒಂದು ಶಿಹ್ ತ್ಸು ನಾಯಿಯ ಕೂದಲಲ್ಲಿ 150 ಗ್ರಾಂ ನೀರು ಉಳಿದಿದೆ ಎಂದು ಲೆಕ್ಕ ಹಾಕಿದರೆ, ಅದಷ್ಟನ್ನೂ ಆರಿಸಲು 85 ಕಿಲೋಕ್ಯಾಲೊರಿಯಷ್ಟು ಶಾಖ ಬೇಕು. ಆ ಗಾತ್ರದ ನಾಯಿಗೆ ಇದು ಹೆಚ್ಚುಕಡಿಮೆ ದಿನದ ಊಟದ ಕಾಲು ಭಾಗ.

ಹಾಗಾಗಿಯೇ ಒದ್ದೆಯಾದ ನಾಯಿ ಮೊದಲು ಮಾಡುವ ಕೆಲಸ ಮೈಕೊಡವುವುದು. ಅಮೆರಿಕದ ಜಾರ್ಜಿಯಾ ಟೆಕ್‌ನ ಡೇವಿಡ್ ಹು, ಆಂಡ್ರ್ಯೂ ಡಿಕರ್ಸನ್ ಮತ್ತು ಸಂಗಡಿಗರು ಇಲಿಯಿಂದ ಕರಡಿಯವರೆಗೆ 16 ಜಾತಿಯ ಪ್ರಾಣಿಗಳು ಮೈಕೊಡವುವುದನ್ನು ವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಲಿ ಸೆಕೆಂಡಿಗೆ ಸುಮಾರು 30 ಸಲ ಕೊಡವಿದರೆ ಲ್ಯಾಬ್ರಡಾರ್‌ಗೆ ನಾಲ್ಕೈದು ಸಲ ಸಾಕು. ಮೈ ಚಿಕ್ಕದಾದಷ್ಟೂ ಹನಿಗಳನ್ನು ಕಿತ್ತೆಸೆಯಲು ಹೆಚ್ಚು ವೇಗ ಬೇಕು. ಸಡಿಲವಾದ ಚರ್ಮ ಬೆನ್ನುಮೂಳೆಗಿಂತ ಬಹಳ ಅಗಲಕ್ಕೆ ಬೀಸುವುದರಿಂದ ಕೆಲವೇ ಸೆಕೆಂಡುಗಳಲ್ಲಿ ನೀರಿನ ದೊಡ್ಡ ಪಾಲು ಸಿಡಿದುಹೋಗುತ್ತದೆ. ಕೊಡವದೆ ಹಾಗೇ ಆರಲು ಬಿಟ್ಟರೆ, 27 ಕಿಲೋ ತೂಕದ ನಾಯಿ ಅರ್ಧ ಕಿಲೋದಷ್ಟು ನೀರಿಗಾಗಿ ದಿನದ ಶಕ್ತಿಯಲ್ಲಿ ಐದನೇ ಒಂದು ಭಾಗ ಕಳೆದುಕೊಳ್ಳಬೇಕಾಗುತ್ತದೆ ಎಂಬುದು ಅವರದೇ ಅಂದಾಜು. 2024ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಇಲಿಗಳ ಕತ್ತಿನ ಹಿಂಬದಿಗೆ ಎಣ್ಣೆಯ ಹನಿ ಬಿಟ್ಟು, ಈ ಕೊಡವಾಟಕ್ಕೆ ಚಾಲನೆ ಕೊಡುವ ನರತಂತುಗಳನ್ನೂ ಗುರುತಿಸಿದರು. ಕೂದಲ ಬುಡವನ್ನು ಸುತ್ತಿಕೊಂಡಿರುವ, ನವಿರು ಸ್ಪರ್ಶಕ್ಕೆ ಮಿಡಿಯುವ ತಂತುಗಳವು. ಸ್ನಾನ ಮಾಡಿಸುವಾಗ ಮನೆಮಂದಿಯನ್ನೆಲ್ಲ ತೋಯಿಸುವ ನಾಯಿಯನ್ನು ಗದರುವುದು ವ್ಯರ್ಥ. ಒಂದೆರಡು ಸಲ ಚೆನ್ನಾಗಿ ಕೊಡವಲು ಬಿಟ್ಟು ಆಮೇಲೆ ಟವೆಲ್ ಹಿಡಿಯುವುದು ಜಾಣತನ.

ಕೊಡವಿದ ಮೇಲೂ ಉಳಿಯುವ ನೀರು ಚರ್ಮದ ಹತ್ತಿರ, ಒಳಗೂದಲಲ್ಲಿ ಅಡಗಿರುತ್ತದೆ. ಮೋಸವಾಗುವುದು ಇಲ್ಲೇ. ಬೆನ್ನಿನ ಮೇಲ್ಗೂದಲು ಮುಟ್ಟಿದರೆ ಒಣಗಿರುತ್ತದೆ, ಬುಡ ಇನ್ನೂ ಹಸಿ. ಕಂಕುಳು, ಕಿವಿಯ ಹಿಂಬದಿ, ಹೊಟ್ಟೆಯ ಕೆಳಗೆ, ಬೆರಳ ಸಂದಿಗಳಲ್ಲಿ ಇದು ಹೆಚ್ಚು. ಗ್ರೂಮಿಂಗ್ ಅಂಗಡಿಗಳಲ್ಲಿ ಬಳಸುವ ಜೋರು ಗಾಳಿಯ ಬ್ಲೋವರ್ ನೀರನ್ನು ಕಾಯಿಸಿ ಆರಿಸುವುದಕ್ಕಿಂತ ಹೆಚ್ಚಾಗಿ ಬುಡದಿಂದಲೇ ತಳ್ಳಿ ಹೊರಹಾಕುತ್ತದೆ. ನಾಯಿ ಕೊಡವಿ ಮಾಡುವ ಕೆಲಸವನ್ನೇ ಅದು ಮುಂದುವರಿಸುತ್ತದೆ. ಮನೆಯ ಹೇರ್ ಡ್ರೈಯರ್‌ಗೆ ಅಷ್ಟು ಗಾಳಿಯ ಬಲವಿಲ್ಲ, ಶಾಖ ಮಾತ್ರ ಧಾರಾಳ. ನಾಯಿಯ ಚರ್ಮದ ಮೇಲ್ಪದರ ಮನುಷ್ಯರದ್ದಕ್ಕಿಂತ ತೆಳು. ಮೈಯ ಬಿಸಿ ಇಳಿಸಲು ನಮ್ಮಂತೆ ಬೆವರುವ ಅನುಕೂಲವೂ ಅದಕ್ಕಿಲ್ಲ. ಮುಚ್ಚಿದ ಪಂಜರದಲ್ಲಿ ಕೂರಿಸಿ ಬಿಸಿಗಾಳಿ ಬಿಡುವ ಪದ್ಧತಿಯಿಂದ ನಾಯಿಗಳು ಶಾಖಾಘಾತಕ್ಕೆ ಸತ್ತದ್ದಿದೆ. ಪಗ್, ಶಿಹ್ ತ್ಸು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಅಪಾಯ ಇನ್ನೂ ಹೆಚ್ಚು. ಚಳಿಗೆ ಹೆದರಿ ಬೇಯಿಸಿಬಿಡುವುದು ಚಿಕಿತ್ಸೆಯಲ್ಲ. ಟವೆಲ್‌ನಿಂದ ಉಜ್ಜದೆ ಒತ್ತಿ ನೀರು ಹೀರಿಸಿ, ಉಗುರುಬೆಚ್ಚಗಿನ ಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, ಜೊತೆಜೊತೆಗೆ ಬಾಚುತ್ತ ಹೋದರೆ ಬುಡವೂ ಒಣಗುತ್ತದೆ, ಕೂದಲೂ ಬಿಡಿಬಿಡಿಯಾಗಿ ಮತ್ತೆ ಗಾಳಿ ತುಂಬಿಕೊಳ್ಳುತ್ತದೆ.

ಬಾಚುವುದರ ಬೆಲೆ ಬಹಳ ಜನಕ್ಕೆ ತಿಳಿದಿಲ್ಲ. ‘ಚಳಿಗಾಲ ಅಲ್ಲವೇ, ಕೂದಲು ಇರಲಿ’ ಎಂದು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ನಾಯಿಯ ಮೈಮೇಲೆ ಕೂದಲು ಜಡೆಗಟ್ಟಿ ಚಪ್ಪಟೆಯಾಗಿರುತ್ತದೆ. ಅಲ್ಲಿ ಗಾಳಿಗೆ ಜಾಗವಿಲ್ಲ. ಒಮ್ಮೆ ಒದ್ದೆಯಾದರೆ ತೇವ ದಿನಗಟ್ಟಲೆ ಆರದೆ, ಅಡಿಯ ಚರ್ಮ ಹುಣ್ಣಾಗುವುದೂ ಉಂಟು. ಅಂಥ ಕೂದಲನ್ನು ಚಳಿಗಾಲದಲ್ಲೇ ಕತ್ತರಿಸಿ ತೆಗೆಸುವುದು ನಾಯಿಗೆ ಮಾಡುವ ಉಪಕಾರ.

ಎಷ್ಟು ಕತ್ತರಿಸಬೇಕು ಎಂಬುದು ಬೇರೆ ಪ್ರಶ್ನೆ. ಕ್ಲಿಪ್ಪರ್ ಬ್ಲೇಡ್‌ಗಳಿಗೆ ನಂಬರುಗಳಿವೆ, ನಂಬರು ಏರಿದಂತೆ ಉಳಿಯುವ ಕೂದಲು ಗಿಡ್ಡ. 10ನೇ ನಂಬರು ಬರೀ ಒಂದೂವರೆ ಮಿಲಿಮೀಟರ್ ಉಳಿಸುತ್ತದೆ, 7ಎಫ್ ಮೂರು ಮಿಲಿಮೀಟರಿನಷ್ಟು, 4ಎಫ್ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಬಳಸುವ 40ನೇ ನಂಬರು ಚರ್ಮವನ್ನೇ ಬೋಳಿಸುತ್ತದೆ. ಮಿಲಿಮೀಟರ್‌ಗಳ ಈ ವ್ಯತ್ಯಾಸವೇ ಗಾಳಿಯ ಪದರದ ದಪ್ಪವೂ ಹೌದು. ಬೇಸಿಗೆಯ ಅಳತೆಯನ್ನೇ ಡಿಸೆಂಬರಿನಲ್ಲೂ ಹೇಳಿಬರುವುದು ಅವಿವೇಕ. ಹೊಟ್ಟೆ, ಪಾದ, ಬಾಲದ ಕೆಳಗೆ ಚೊಕ್ಕವಾಗಿ ಕತ್ತರಿಸಿ, ಬೆನ್ನು ಮತ್ತು ಎದೆಯ ಮೇಲೆ ಒಂದೆರಡು ಸೆಂಟಿಮೀಟರ್ ಉಳಿಸಿದರೆ ಆಯಿತು. ಪೂಡಲ್‌ಗಳ ವಿಚಿತ್ರ ಸಿಂಗಾರದ ಹಿಂದೆಯೂ ಇಂಥದೇ ಯೋಚನೆಯಿತ್ತು ಎನ್ನುತ್ತಾರೆ. ಬೇಟೆಗಾರನ ಹಕ್ಕಿಯನ್ನು ತಣ್ಣೀರಿನಿಂದ ಹೆಕ್ಕಿ ತರುತ್ತಿದ್ದ ನಾಯಿಗೆ ಈಜಲು ಹಗುರಾಗಲಿ ಎಂದು ಹಿಂಭಾಗ ಬೋಳಿಸಿ, ಎದೆ ಮತ್ತು ಕೀಲುಗಳ ಮೇಲೆ ಮಾತ್ರ ಕೂದಲು ಉಳಿಸುತ್ತಿದ್ದರಂತೆ.

ಎರಡು ಪದರದ ತುಪ್ಪಳವಿರುವ ನಾಯಿಗಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಸ್ಕಿ, ಮಲಮ್ಯೂಟ್, ಚೌಚೌ, ಪಮೇರಿಯನ್‌ಗಳ ಕೂದಲ ಬುಡ ವರ್ಷದ ಬಹುಕಾಲ ನಿದ್ದೆಯ ಹಂತದಲ್ಲಿರುತ್ತದೆ. ಬುಡಕ್ಕೆ ಕತ್ತರಿಸಿದರೆ ಮತ್ತೆ ಏಳಲು ಆರು ತಿಂಗಳು, ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಕೆಲವಕ್ಕೆ ಬಂದ ಕೂದಲೂ ತೇಪೆ ತೇಪೆಯಾಗಿ, ಬಣ್ಣಗೆಟ್ಟು ಬರುತ್ತದೆ. ಜನವರಿಯ ಒಂದು ಬೋಳು ಮುಂದಿನ ಮಾಗಿಯವರೆಗೂ ಉಳಿದೀತು. ಇವುಗಳಿಗೆ ಬೇಕಾದದ್ದು ಉದುರಿದ ಒಳಗೂದಲನ್ನು ಬಾಚಿ ತೆಗೆಯುವುದಷ್ಟೇ.

ಬೆಂಗಳೂರಿನಲ್ಲಿ ಚಳಿಯೆಲ್ಲಿದೆ ಎಂದು ನಗುವವರೂ ಇದ್ದಾರೆ. ನಾಯಿಯ ಮೈಗೆ ಒಂದು ಗಡಿ ಉಷ್ಣಾಂಶವಿದೆ. ಅದಕ್ಕಿಂತ ಕೆಳಗೆ ಮೈಬಿಸಿ ಕಾಯ್ದುಕೊಳ್ಳಲು ಹೆಚ್ಚುವರಿ ಶಕ್ತಿ ಸುಡಲೇಬೇಕು. ಪೋಷಣಾ ವಿಜ್ಞಾನಿಗಳು ಬಳಸುವ ಅಂದಾಜಿನಂತೆ ಈ ಗಡಿ ಅಲಾಸ್ಕಾದ ಹಸ್ಕಿಗಳಿಗೆ 10ರಿಂದ 15 ಡಿಗ್ರಿ ಸೆಲ್ಸಿಯಸ್, ಉದ್ದ ಕೂದಲಿನ ತಳಿಗಳಿಗೆ 15ರಿಂದ 20, ಗಿಡ್ಡ ಕೂದಲಿನವಕ್ಕೆ 20ರಿಂದ 25. ಮಟ್ಟಸವಾಗಿ ಕತ್ತರಿಸಿಕೊಂಡು ಬಂದ ಉದ್ದ ಕೂದಲಿನ ನಾಯಿ ಒಂದೇ ಮಧ್ಯಾಹ್ನದಲ್ಲಿ ಎರಡನೇ ಗುಂಪಿನಿಂದ ಮೂರನೆಯದಕ್ಕೆ ಜಾರುತ್ತದೆ. ಬೆಂಗಳೂರಿನ ಡಿಸೆಂಬರ್-ಜನವರಿಯ ಮುಂಜಾವು ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸು. 1884ರ ಜನವರಿ 13ರಂದು 7.8ಕ್ಕೆ ಇಳಿದದ್ದು ಇಲ್ಲಿನ ದಾಖಲೆ. ಬೀದರ್, ವಿಜಯಪುರದ ಕಡೆ ಕೆಲವು ಮಾಗಿಗಳಲ್ಲಿ ಒಂದಂಕಿಯೇ ಮಾಮೂಲು. ಗಡಿ ದಾಟಿದ ಮಾತ್ರಕ್ಕೆ ನಾಯಿ ಕಾಯಿಲೆ ಬೀಳುವುದಿಲ್ಲ, ಒಂದು ಹಿಡಿ ಹೆಚ್ಚು ತಿನ್ನುತ್ತದೆ ಅಷ್ಟೆ. ಆದರೆ ಮರಿ, ಮುದಿ ನಾಯಿ, ಕಾಯಿಲೆಯಿಂದ ಎದ್ದದ್ದು, ಎರಡು-ಮೂರು ಕಿಲೋದ ಚಿಕ್ಕ ತಳಿ, ಇವುಗಳ ಕೈಯಲ್ಲಿ ಆ ಉಳಿತಾಯ ಇರುವುದಿಲ್ಲ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು, ಶಾಖ ಸೋರುವ ದಾರಿಯೂ ಹೆಚ್ಚು.

ಕೂದಲು ತಾನೇ ದಟ್ಟವಾಗಿ ಸರಿಮಾಡಿಕೊಳ್ಳುತ್ತದೆ ಎಂದು ನೆಚ್ಚುವಂತೆಯೂ ಇಲ್ಲ. ಚಳಿಗಾಲದ ತುಪ್ಪಳ ಬೆಳೆಯಲು ಮುಖ್ಯ ಸೂಚನೆ ಹಗಲು ಗಿಡ್ಡವಾಗುವುದು. ಹೆಲ್ಸಿಂಕಿಯಲ್ಲಿ ಹಗಲಿನ ಅವಧಿ ಬೇಸಿಗೆಗೂ ಚಳಿಗಾಲಕ್ಕೂ 13 ಗಂಟೆಯಷ್ಟು ಏರುಪೇರಾದರೆ ಬೆಂಗಳೂರಿನಲ್ಲಿ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಸಾಲದ್ದಕ್ಕೆ ರಾತ್ರಿ ಹನ್ನೊಂದರವರೆಗೂ ಟ್ಯೂಬ್‌ಲೈಟ್.

ಕತ್ತರಿಯೇ ಮುಟ್ಟದ ಮುಧೋಳ ನಾಯಿಯನ್ನೂ ಇಲ್ಲಿ ನೆನೆಯಬೇಕು. ಬಯಲುಸೀಮೆಯ ಬಿಸಿಲಿಗೆ ಹೇಳಿಮಾಡಿಸಿದ ಈ ಓಟಗಾರನಿಗೆ ಚರ್ಮದಡಿ ಕೊಬ್ಬೂ ಕಡಿಮೆ, ಮೈಮೇಲೆ ಕೂದಲೂ ಗಿಡ್ಡ. 2016ರಲ್ಲಿ ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೆ ಬಾಗಲಕೋಟೆ ಜಿಲ್ಲೆಯಿಂದ ಮುಧೋಳ ಮರಿಗಳು ಹೋದವು. ಅಲ್ಲಿನ ಜನವರಿ ರಾತ್ರಿ ನಮ್ಮ ಮುಧೋಳದ್ದಕ್ಕಿಂತ ಬಹಳ ತಂಪು. ಅಂಥ ಮೈಗೆ ಸ್ವೆಟರ್ ಷೋಕಿಯಲ್ಲ.

ಸ್ವೆಟರ್ ಎಲ್ಲರಿಗೂ ಬೇಕಿಲ್ಲ. ಹೊಸದಾಗಿ ಟ್ರಿಮ್ ಆದ ಶಿಹ್ ತ್ಸು, ಪೂಡಲ್, ಮಾಲ್ಟೀಸ್‌ಗಳಿಗೆ ಅದು ಕಳೆದುಕೊಂಡ ಗಾಳಿಯ ಪದರವನ್ನು ಮರಳಿ ಕೊಡುತ್ತದೆ. ತುಪ್ಪಳ ಉಳಿಸಿಕೊಂಡ ಹಸ್ಕಿಗೆ ಬಿಗಿಯಾದ ಅಂಗಿ ತೊಡಿಸಿದರೆ ಇದ್ದ ಗಾಳಿಯನ್ನೂ ಹಿಂಡಿ ತೆಗೆದಂತೆ. ಕೂದಲ ಬುಡ ಹಸಿಯಿರುವಾಗ ಯಾವ ನಾಯಿಗೂ ಸ್ವೆಟರ್ ತೊಡಿಸಬಾರದು, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಯಿಂದ ಬಾಲದ ಬುಡದವರೆಗಿನ ಅಳತೆ ಸಾಕು. ಕಂಕುಳಲ್ಲಿ ಉಜ್ಜುತ್ತಿದೆಯೇ ಎಂದು ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು.

ಬೀಸುವ ಗಾಳಿ ಮತ್ತು ನೆಲ, ಮನೆಯವರು ಮರೆಯುವುದು ಇವೆರಡನ್ನು. ಅರೆಒಣಗಿದ ನಾಯಿಯನ್ನು ಸಂಜೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬರುವಾಗ, ಕೂದಲು ಬಿಗಿಹಿಡಿದ ಗಾಳಿಯೆಲ್ಲ ಹಾರಿಹೋಗಿ ಆವಿಯಾಗುವ ವೇಗ ಏರುತ್ತದೆ. ಮನೆಯ ಗ್ರಾನೈಟ್ ಅಥವಾ ಟೈಲ್ಸ್ ನೆಲ ಕತ್ತರಿಸಿದ ಹೊಟ್ಟೆಯಿಂದ ರಾತ್ರಿಯಿಡೀ ಶಾಖ ಹೀರುತ್ತದೆ. ಎರಡು ಮಡಿಕೆ ಗೋಣಿಚೀಲದ ಮೇಲೆ ಹಳೆಯ ಕಂಬಳಿ ಹಾಸಿದರೂ ಸಾಕು, ನಾಯಿ ಸುರುಳಿ ಸುತ್ತಿಕೊಂಡು ಮಿಕ್ಕದ್ದನ್ನು ತಾನೇ ನೋಡಿಕೊಳ್ಳುತ್ತದೆ. ಕರೆಂಟಿನ ಹೀಟಿಂಗ್ ಪ್ಯಾಡ್ ಬೇಡ. ಗಿಡ್ಡ ಕೂದಲಿನ ಚರ್ಮ ಅದರ ಮೇಲೆ ನಿಧಾನವಾಗಿ ಸುಡುತ್ತದೆ.

ನಮ್ಮ ಕಡೆಯ ಚಳಿಗೆ ಪಾದಗಳ ಚಿಂತೆ ಅಷ್ಟಾಗಿ ಬೇಡ. ಜಪಾನಿನ ಹಿರೊಯೊಶಿ ನಿನೊಮಿಯಾ ಮತ್ತು ಸಂಗಡಿಗರು ಸುಮಾರು 2011ರಲ್ಲಿ ತೋರಿಸಿದಂತೆ, ನಾಯಿಯ ಅಂಗಾಲಿನಲ್ಲಿ ಅಪಧಮನಿಯೂ ಅಭಿಧಮನಿಗಳೂ ಒಂದಕ್ಕೊಂದು ತೀರ ಹತ್ತಿರ ಹರಿಯುತ್ತವೆ. ಕೆಳಗಿಳಿವ ಬಿಸಿ ರಕ್ತ ಮೇಲೇರುವ ತಣ್ಣನೆಯ ರಕ್ತವನ್ನು ದಾರಿಯಲ್ಲೇ ಬೆಚ್ಚಗಾಗಿಸಿ ಕಳಿಸುತ್ತದೆ.

ನಾಯಿಯ ಸಹಜ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ. ಸ್ನಾನದ ನಂತರ ಸ್ವಲ್ಪ ನಡುಗುವುದು ಸಹಜ, ಒಣಗಿ ಬೆಚ್ಚಗಾದ ಮೇಲೂ ನಡುಕ ನಿಲ್ಲದಿದ್ದರೆ, ಅಥವಾ ನಡುಕ ನಿಂತು ನಾಯಿ ಮಂಕಾಗಿ ಕರೆದರೂ ಏಳದಿದ್ದರೆ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 37ಕ್ಕಿಂತ ಕೆಳಗಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಕಂಬಳಿ ಹೊದಿಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಇದಾವುದೂ ಬೇಡವೆಂದರೆ ಡಿಸೆಂಬರಿನಲ್ಲಿ ಗ್ರೂಮಿಂಗ್‌ಗೆ ಸಮಯ ಗೊತ್ತುಮಾಡುವಾಗ ಬಿಸಿಲೇರಿದ ಹನ್ನೊಂದು ಗಂಟೆಯನ್ನೇ ಕೇಳಿ. ಹಣ ಕೊಡುವ ಮುನ್ನ ಕಂಕುಳ ಕೂದಲನ್ನು ಬೆರಳಿಂದ ಬಿಡಿಸಿ ಬುಡ ಮುಟ್ಟಿ ನೋಡಿ. ಹಸಿಯಿದ್ದರೆ ಇನ್ನೊಂದು ಹತ್ತು ನಿಮಿಷ ಬ್ಲೋವರ್ ಹಿಡಿಯಿರೆಂದು ಹೇಳಲು ಸಂಕೋಚಪಡಬೇಡಿ.