ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯ ನೀರು ಬೆರೆಯುವುದೇ ಇಲ್ಲವೇ?

ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಮಸುಕು ಹಸಿರು, ನಡುವೆ ನೊರೆಯ ಗೆರೆ. ‘ಎರಡು ಸಮುದ್ರಗಳು ಸೇರಿದರೂ ಬೆರೆಯುವುದಿಲ್ಲ, ವಿಜ್ಞಾನಕ್ಕೂ ಉತ್ತರವಿಲ್ಲ’ ಎಂಬ ಅಡಿಬರಹ. ಈ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಇದು ನಿಜವೇ?

ಅಲ್ಲ. ಹೀಗೆ ಹೆಚ್ಚು ಹರಿದಾಡಿರುವ ಚಿತ್ರಗಳಲ್ಲಿ ಒಂದು ಅಲಾಸ್ಕಾ ಕೊಲ್ಲಿಯದು. ಹಿಮನದಿಗಳ ಹೂಳು ಹೊತ್ತು ತಂದ ನದಿನೀರು ಅಲ್ಲಿ ಕಡಲಿಗೆ ಸೇರುತ್ತದೆ. ಗೆರೆ ಕಾಣುವುದು ನಿಜ, ಆದರೆ ಅದು ಗೋಡೆಯಲ್ಲ. ನೀರು ನಿಧಾನವಾಗಿ ಬೆರೆಯುತ್ತಲೇ ಇರುತ್ತದೆ.

ಬಿಸ್ಲೆಯಲ್ಲಿ ಬೇರೆಯಾಗುವ ಹನಿಗಳು

ಸಕಲೇಶಪುರದಿಂದ ಬಿಸ್ಲೆ ಘಾಟಿಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿ ಬಳಿ ರಿಡ್ಜ್ ಪಾಯಿಂಟ್ ಇದೆ. ಅಲ್ಲಿ ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಜೊತೆಯಾಗಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕಾವೇರಿಯ ಪಾಲು. ಆಲೂರು ಕಡೆಯ ಹಳ್ಳಗಳ ನೀರೂ ಹೇಮಾವತಿ ಮೂಲಕ ಕಾವೇರಿಗೇ ಹೋಗುತ್ತದೆ. ಅಣೆಕಟ್ಟು, ಕಾಲುವೆಗಳನ್ನು ದಾಟಿ ಉಳಿದದ್ದು ಬಂಗಾಳ ಕೊಲ್ಲಿ ಸೇರುತ್ತದೆ. ಹಾಗಾದರೆ ಈ ಎರಡು ನೀರು ಮತ್ತೆ ಸೇರುವುದೇ ಇಲ್ಲವೇ?

ಸೇರುತ್ತವೆ, ಹೀಗೆ

ಒಂದು ಕಿಲೋ ಅರಬ್ಬಿ ಸಮುದ್ರದ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪಿರುತ್ತದೆ. ಗಂಗಾ, ಬ್ರಹ್ಮಪುತ್ರ, ಐರಾವತಿಯಂಥ ನದಿಗಳು ಸುರಿಯುವ ಬಂಗಾಳ ಕೊಲ್ಲಿಯ ಮೇಲ್ಪದರದಲ್ಲಿ ಉಪ್ಪು ಅದಕ್ಕಿಂತ ಕಡಿಮೆ. ಹಾಗಾಗಿ ಕೊಲ್ಲಿಯ ನೀರು ಹಗುರ, ಅರಬ್ಬಿ ಸಮುದ್ರದ್ದು ಭಾರ.

ಮುಂಗಾರು ಮುಗಿದ ಮೇಲೆ ಗಾಳಿ ದಿಕ್ಕು ಬದಲಿಸುತ್ತದೆ. ಆಗ ಕೊಲ್ಲಿಯ ಹಗುರ ನೀರು ಪೂರ್ವ ಕರಾವಳಿಯಗುಂಟ ದಕ್ಷಿಣಕ್ಕೆ ಹರಿದು, ಶ್ರೀಲಂಕಾ ಸುತ್ತಿ, ಚಳಿಗಾಲದಲ್ಲಿ ಕೇರಳ, ಕರ್ನಾಟಕದ ಕರಾವಳಿಯತ್ತ ಬರುತ್ತದೆ. ಮಳೆಗಾಲದಲ್ಲಿ ಇದರ ತಿರುಗುಮುರುಗು: ಅರಬ್ಬಿ ಸಮುದ್ರದ ಉಪ್ಪುನೀರು ಶ್ರೀಲಂಕಾದ ದಕ್ಷಿಣಕ್ಕೆ ಹಾದು ಕೊಲ್ಲಿಗೆ ನುಗ್ಗುತ್ತದೆ, ಭಾರವಾದ್ದರಿಂದ ಹಗುರ ನೀರಿನ ಅಡಿಗೆ ಜಾರುತ್ತದೆ. ಬಿಸ್ಲೆಯ ಒಂದು ಹನಿಯನ್ನು ಗುರುತು ಹಿಡಿದು ಹಿಂಬಾಲಿಸಲಾಗದು. ಆದರೆ ಎರಡೂ ಹನಿಗಳು ಮತ್ತೆ ಕೂಡುವ ದಾರಿ ಪ್ರತಿ ವರ್ಷ ತೆರೆಯುತ್ತದೆ.

ಆಳದಲ್ಲೂ ಹರಿವಿದೆ

ಅರಬ್ಬಿ ಸಮುದ್ರದ ಉತ್ತರಕ್ಕೆ ನೆಲವೇ ಅಡ್ಡ. ಹಾಗಾಗಿ ತಳದ ತಣ್ಣೀರು ದಕ್ಷಿಣದಿಂದ, ಅಂಟಾರ್ಕ್ಟಿಕಾ ಸುತ್ತಲಿನ ಸಾಗರದ ಕಡೆಯಿಂದ, ಬಹಳ ನಿಧಾನವಾಗಿ ಬರುತ್ತದೆ. ಪರ್ಷಿಯಾ ಕೊಲ್ಲಿಯ ಉಪ್ಪುನೀರು ಸುಮಾರು 200-400 ಮೀಟರ್ ಆಳದಲ್ಲಿ, ಕೆಂಪು ಸಮುದ್ರದ್ದು ಸುಮಾರು 600-800 ಮೀಟರ್ ಆಳದಲ್ಲಿ ಹರಡುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಬಳಿ ಕೆಳಗಿನ ತಣ್ಣೀರು ಪೋಷಕಾಂಶಗಳೊಂದಿಗೆ ಮೇಲೇರುತ್ತದೆ. ಘಟ್ಟ ಹತ್ತಿ ಸಕಲೇಶಪುರಕ್ಕೆ ಬರುವ ಬಂಗುಡೆ, ಬೂತಾಯಿಗೆ ಮೇವು ಬೆಳೆಯುವುದು ಇದರಿಂದಲೇ.

ನಮಗೇನು ಸಂಬಂಧ?

ಚಳಿಗಾಲದಲ್ಲಿ ಬಂದ ಹಗುರ ನೀರು ಆಗ್ನೇಯ ಅರಬ್ಬಿ ಸಮುದ್ರದ ಮೇಲೆ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬೆರೆಯುವುದಿಲ್ಲ. ಏಪ್ರಿಲ್-ಮೇ ಹೊತ್ತಿಗೆ ಅಲ್ಲಿನ ಕಡಲು ಚೆನ್ನಾಗಿ ಕಾಯಲು ಇದೂ ಒಂದು ಕಾರಣ. ಮುಂಗಾರು ಕಾಲಿಡುವ ಹೊತ್ತಿನ ಸುಳಿಗಾಳಿ ಕೆಲವು ವರ್ಷ ಹುಟ್ಟುವುದು ಈ ಬಿಸಿ ನೀರಿನ ಮೇಲೆಯೇ. ನಮ್ಮ ಕಾಫಿ, ಏಲಕ್ಕಿ ತೋಟಗಳು ಕಾಯುವುದು ಆ ಮುಂಗಾರಿಗಾಗಿ.

ಅಂದರೆ ‘ಕಡಲು ಸೇರಿದ ನೀರೆಲ್ಲ ವ್ಯರ್ಥ’ ಎಂಬ ಇನ್ನೊಂದು ಫಾರ್ವರ್ಡ್ ಕೂಡ ಅರ್ಧ ಸತ್ಯವೇ. ನದಿನೀರು ಕಡಲಿನಲ್ಲಿ ಮೀನಿಗೆ, ಪ್ರವಾಹಗಳಿಗೆ, ಮಳೆಗೆ ತನ್ನ ಪಾಲಿನ ಕೆಲಸ ಮಾಡುತ್ತದೆ.

ತೀರ್ಪು: ‘ಬೆರೆಯುವುದಿಲ್ಲ’ ಎಂಬುದು ಸುಳ್ಳು. ಆ ವಿಡಿಯೊ ಮತ್ತೆ ಬಂದರೆ ಈ ಲೇಖನವನ್ನು ಉತ್ತರವಾಗಿ ಕಳಿಸಿ.