ದಾಂಡಿಗನ ಇಳಿಗಾಲವೂ ಅಭಿಮಾನಿಯ ತೀರ್ಪೂ

ಸಿದ್ದಾಪುರ ಸೀಮೆಯಲ್ಲಿ ಡಿಸೆಂಬರ್, ಜನವರಿಗಳೆಂದರೆ ಅಡಿಕೆ ಕೊಯ್ಲಿನ ಕಾಲ. ಕೊನೆಗಳು ಅಂಗಳಕ್ಕೆ ಬಂದು ಬಿದ್ದ ಮೇಲೆ ಮನೆಯವರು, ನೆರೆಯವರು, ಕೂಲಿಯವರು ಒಟ್ಟಿಗೆ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾರೆ. ಕೈಗೆ ಎಡೆಬಿಡದ ಕೆಲಸ, ಬಾಯಿಗೆ ಧಾರಾಳವಾದ ಬಿಡುವು. ಅಡಿಕೆಯ ಧಾರಣೆಯಿಂದ ಮೊದಲ್ಗೊಂಡು ತಾಳಮದ್ದಳೆಯ ಅರ್ಥಗಾರಿಕೆಯವರೆಗೆ ಅಲ್ಲಿ ಚರ್ಚೆಗೆ ಬಾರದ ವಿಷಯವಿಲ್ಲ. 1982-83ರ ಕೊಯ್ಲಿನ ಕಾಲದಲ್ಲಿ ಕ್ರಿಕೆಟ್ಟಿನ ಮೋಹವುಳ್ಳ ಮನೆಗಳಲ್ಲಿಯೂ, ಪೇಟೆಯ ಚಹಾದಂಗಡಿಗಳಲ್ಲಿಯೂ, ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತಿತ್ತು: ಗುಂಡಪ್ಪ ವಿಶ್ವನಾಥರಿಗೆ ಏನಾಗಿದೆ?

ವಿಶ್ವನಾಥರೆಂದರೆ ಮಲೆನಾಡಿನವರಿಗೆ ದೂರದವರಲ್ಲ. ಸಾಗರದ ದಾರಿ ಹಿಡಿದು ಶಿವಮೊಗ್ಗ ದಾಟಿದರೆ ಸಿಗುವ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು. 1969ರ ನವೆಂಬರಿನಲ್ಲಿ ಕಾನ್ಪುರದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ಬಳಿಕ ಅವರು ಶತಕ ಹೊಡೆದ ಟೆಸ್ಟ್ ಪಂದ್ಯವನ್ನು ಭಾರತ ಸೋತದ್ದಿಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಉರುಳಿಸಿದಾಗ ಅದರಲ್ಲಿ 97 ರನ್ ವಿಶ್ವನಾಥರವು. ಅವರು ಕೊನೆಯವರೆಗೂ ಔಟಾಗಲಿಲ್ಲ. ಶತಕವಲ್ಲದ ಆ ಆಟವನ್ನು ಹಲವು ಶತಕಗಳಿಗಿಂತ ಮೇಲೆಂದು ಎಣಿಸುವವರು ಇಂದಿಗೂ ಇದ್ದಾರೆ. ಮತ್ತೆ 1982ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 222. ಯಶಪಾಲ್ ಶರ್ಮರೊಡನೆ ಇಡೀ ಒಂದು ದಿನ ಆಡಿ ವಿಕೆಟ್ಟೇ ಬೀಳದಂತೆ ನೋಡಿಕೊಂಡರು.

ಅದಾಗಿ ಒಂದು ವರ್ಷವೂ ತುಂಬಿರಲಿಲ್ಲ. ಪಾಕಿಸ್ತಾನದಲ್ಲಿ ನಡೆದ ಆರು ಟೆಸ್ಟುಗಳ ಸರಣಿಯಲ್ಲಿ ಅವರು ಎಂಟು ಸರದಿಗಳಲ್ಲಿ ಗಳಿಸಿದ್ದು 134 ರನ್. ಅದರಲ್ಲಿ ಅರ್ಧಶತಕ ಒಂದೇ. ಆ ಸರಣಿಯಲ್ಲಿ ಇಮ್ರಾನ್ ಖಾನರು 40 ವಿಕೆಟ್ ಪಡೆದರು. ಹೊರಗೆ ಹೋಗುವುದೆಂದು ನಂಬಿ ವಿಶ್ವನಾಥರು ದಾಂಡನ್ನು ಮೇಲೆತ್ತಿ ಬಿಟ್ಟ ಚೆಂಡೊಂದು ತಟಕ್ಕನೆ ಒಳಕ್ಕೆ ತಿರುಗಿ ವಿಕೆಟ್ಟನ್ನು ಹಾರಿಸಿದ ಪ್ರಸಂಗವಂತೂ ಮನೆಮಾತಾಯಿತು. ಸತತವಾಗಿ 87 ಟೆಸ್ಟುಗಳನ್ನು ಆಡಿದ್ದ ಅವರಿಗೆ 1983ರ ಜನವರಿ 30ರಂದು ಕರಾಚಿಯಲ್ಲಿ ಆರಂಭವಾದ ಪಂದ್ಯವೇ ಕೊನೆಯದಾಯಿತು. ಆಗ 34 ವರ್ಷ ತುಂಬಲು ಇನ್ನೂ ಕೆಲವು ದಿನಗಳಿದ್ದವು.

ಚರ್ಚೆಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಪಕ್ಷದವರದು, ಮನುಷ್ಯನಿಗೆ ಹಸಿವು ಹಿಂಗಿದೆ, ಮೊದಲಿನಂತೆ ಕಷ್ಟಪಡುತ್ತಿಲ್ಲ, ಅಷ್ಟು ಸುಲಭದ ಚೆಂಡನ್ನು ನೋಡುತ್ತ ನಿಲ್ಲುವುದೆಂದರೇನು ಎಂಬ ವಾದ. ಇನ್ನೊಂದು ಪಕ್ಷದವರು, ಪ್ರಯತ್ನಕ್ಕೇನೂ ಕೊರತೆಯಿಲ್ಲ, ಕಣ್ಣು ಮಂದವಾಗಿದೆ, ಕಾಲು ನಿಧಾನವಾಗಿದೆ, ವಯಸ್ಸನ್ನು ಯಾರೂ ಗೆದ್ದಿಲ್ಲ ಎನ್ನುತ್ತಿದ್ದರು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಈ ಎರಡು ಪಕ್ಷಗಳಲ್ಲಿ ಯಾರೊಬ್ಬರೂ ಆ ಆಟವನ್ನು ಕಣ್ಣಿನಿಂದ ಕಂಡವರಲ್ಲ. ರೇಡಿಯೋದ ವೀಕ್ಷಕ ವಿವರಣೆ, ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯ ಅಂಕಿಗಳು, ಇಷ್ಟೇ ಅವರಿಗಿದ್ದ ಆಧಾರ. ಇಷ್ಟರಿಂದಲೇ ಒಬ್ಬಾತನ ಮನಸ್ಸಿನಲ್ಲಿ ಶ್ರದ್ಧೆ ಉಳಿದಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸಲು ಯಾರೂ ಹಿಂಜರಿಯಲಿಲ್ಲ.

ಕಣ್ಣಾರೆ ಕಂಡಿದ್ದರೆ ತೀರ್ಪು ಸರಿಯಾಗಿರುತ್ತಿತ್ತೆ? ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ದಾಂಡಿಗನ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು.

ಚೆಂಡೆಸೆಯುವವನ ಗೆರೆಗೂ ದಾಂಡಿಗನ ಗೆರೆಗೂ ನಡುವಿನ ಅಂತರ 58 ಅಡಿ, ಅಂದರೆ 17.7 ಮೀಟರು. ಗಂಟೆಗೆ 140 ಕಿಲೋಮೀಟರು ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರು ಸಾಗುತ್ತದೆ. ನೆಲ ಮುಟ್ಟಿದಾಗ ವೇಗ ತುಸು ತಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ದಾಂಡಿಗನಿಗೆ ದೊರೆಯುವುದು ಹೆಚ್ಚೆಂದರೆ ಅರ್ಧ ಸೆಕೆಂಡು. 1987ರಲ್ಲಿ ಪೀಟರ್ ಮೆಕ್ಲಿಯೋಡ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞರು ನುರಿತ ದಾಂಡಿಗರನ್ನೇ ಪರೀಕ್ಷಿಸಿ, ಚೆಂಡು ತಲುಪುವ ಮೊದಲಿನ ಸುಮಾರು ಐದನೆಯ ಒಂದು ಸೆಕೆಂಡಿನಲ್ಲಿ ಅದು ದಿಕ್ಕು ಬದಲಿಸಿದರೆ ಎಂಥವನೂ ಹೊಡೆತವನ್ನು ತಿದ್ದಿಕೊಳ್ಳಲಾರನೆಂದು ತೋರಿಸಿದರು. ಕೊನೆಯ ಆರೇಳು ಮೀಟರುಗಳಲ್ಲಿ ಮಹಾ ಆಟಗಾರನೂ ಹೊಸಬನೂ ಸಮಾನರು ಎಂದಂತಾಯಿತು. ಹಾಗಾದರೆ ಮಹತ್ತ್ವ ಎಲ್ಲಿದೆ? 2000ದಲ್ಲಿ ಮೈಕೇಲ್ ಲ್ಯಾಂಡ್ ಅವರೊಡನೆ ಸೇರಿ ಅದೇ ವಿದ್ವಾಂಸರು ದಾಂಡಿಗರ ಕಣ್ಣಿನ ಚಲನೆಯನ್ನು ಅಳೆದರು. ಒಳ್ಳೆಯ ದಾಂಡಿಗ ಚೆಂಡನ್ನು ಉದ್ದಕ್ಕೂ ನೋಡುತ್ತ ಕೂರುವುದಿಲ್ಲ. ಅದು ಕೈಬಿಟ್ಟ ಕ್ಷಣವನ್ನು ನೋಡಿ, ಅದು ಎಲ್ಲಿ ನೆಲಕ್ಕೆ ಬೀಳುವುದೆಂದು ಊಹಿಸಿ, ಚೆಂಡಿಗಿಂತ ಮೊದಲೇ ಅಲ್ಲಿಗೆ ದೃಷ್ಟಿಯನ್ನು ಹಾಯಿಸಿ ಕಾಯುತ್ತಾನೆ. ಹೆಚ್ಚು ನುರಿತವನ ದೃಷ್ಟಿ ಅಷ್ಟು ಬೇಗ ಅಲ್ಲಿಗೆ ಹೋಗುತ್ತದೆ.

ಹೀಗಾಗಿ ವಯಸ್ಸಿನ ಲೆಕ್ಕಾಚಾರ ಜನ ತಿಳಿದಷ್ಟು ಸರಳವಲ್ಲ. ವರ್ಷಗಳು ಕಳೆದಂತೆ ದೇಹದ ಚುರುಕು ತಗ್ಗುತ್ತದೆ, ನಿಜ. ಆದರೆ ಊಹೆಯ ಶಕ್ತಿ ಅನುಭವದಿಂದ ಬೆಳೆಯುತ್ತದೆ. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ಹಲವು ವರ್ಷ ತುಂಬಿಕೊಡುತ್ತದೆ. ಎಂದೋ ಒಂದು ದಿನ ಲಾಭ ಸಾಲದೆ ಬರುತ್ತದೆ. ಆ ಕೊರತೆಯೂ ಅತಿ ಸಣ್ಣದು. ಸೆಕೆಂಡಿನ ನೂರನೆಯ ಒಂದು ಭಾಗ ತಡವಾದರೆ ವೇಗದ ಚೆಂಡು ಮೊಳದಷ್ಟು ದೂರ ಸಾಗಿಬಿಟ್ಟಿರುತ್ತದೆ; ದಾಂಡಿನ ಅಗಲವೋ ನಾಲ್ಕೂಕಾಲು ಅಂಗುಲ. ಮುಂಗಾಲು ತಲುಪಬೇಕಾದಲ್ಲಿಗೆ ತಲುಪಿರುವುದಿಲ್ಲ, ದಾಂಡಿಗೂ ಕಾಲಿನ ಪ್ಯಾಡಿಗೂ ನಡುವೆ ಒಂದು ಸಂದು ಉಳಿದಿರುತ್ತದೆ, ಚೆಂಡು ಅದರೊಳಗೆ ತೂರಿ ಹೋಗುತ್ತದೆ. ನೋಡುವವರ ಕಣ್ಣಿಗೆ ಅದು ಉದಾಸೀನದಂತೆಯೇ ಕಾಣುತ್ತದೆ. ಶ್ರಮವೆಲ್ಲ ನಡೆದದ್ದು ಆ ಅರ್ಧ ಸೆಕೆಂಡಿಗಿಂತ ಮೊದಲು, ನೆಟ್ ಅಭ್ಯಾಸದ ನೂರಾರು ಗಂಟೆಗಳಲ್ಲಿ. ಅದನ್ನು ಪ್ರೇಕ್ಷಕನು ಕಾಣುವಂತೆಯೇ ಇಲ್ಲ.

ಈ ಮಾತಿಗೆ ಕರ್ನಾಟಕದ್ದೇ ಎರಡನೆಯ ಸಾಕ್ಷಿ ರಾಹುಲ್ ದ್ರಾವಿಡ್. 2008ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಆಸ್ಟ್ರೇಲಿಯದ ವಿರುದ್ಧ ತವರಿನಲ್ಲಿಯೇ ಏಳು ಸರದಿಗಳಲ್ಲಿ ಅವರು ಗಳಿಸಿದ್ದು 120 ರನ್. ಡಿಸೆಂಬರಿನಲ್ಲಿ ಇಂಗ್ಲೆಂಡಿನ ವಿರುದ್ಧ ಚೆನ್ನೈ ಟೆಸ್ಟಿನಲ್ಲಿ 3 ಮತ್ತು 4. ಅವರಿಗೆ 36 ವರ್ಷ ತುಂಬುತ್ತಲಿತ್ತು. ಇಷ್ಟರಲ್ಲಿ ದೂರದರ್ಶನ ಮನೆಮನೆಗೆ ಬಂದಿತ್ತು. ಪ್ರತಿಯೊಂದು ಚೆಂಡನ್ನೂ ನಿಧಾನಗತಿಯಲ್ಲಿ ನಾಲ್ಕಾರು ಬಾರಿ ತೋರಿಸುವ ಸೌಕರ್ಯವಿತ್ತು. ರೇಡಿಯೋ ಕಾಲದವರಿಗಿಲ್ಲದ ಸಾಕ್ಷ್ಯವೆಲ್ಲವೂ ಕಣ್ಣೆದುರಿಗಿತ್ತು. ಅಭಿಮಾನಿಗಳಲ್ಲಿ ಹಲವರು ಏಕಕಂಠದಿಂದ ಹೇಳಿದರು: ಮುಗಿಯಿತು, ಇನ್ನು ಬಿಡುವುದೇ ಮರ್ಯಾದೆ. ಚೆನ್ನೈಯ ಮುಂದಿನ ಪಂದ್ಯವೇ ಮೊಹಾಲಿ. ಅಲ್ಲಿ ದ್ರಾವಿಡ್ 136 ರನ್ ಹೊಡೆದು ಗೌತಮ್ ಗಂಭೀರರೊಡನೆ 314 ರನ್ನುಗಳ ಜೊತೆಯಾಟ ನಡೆಸಿದರು. ಮುಗಿಯಿತೆಂದವರು ಇನ್ನೂ ಮೂರು ವರ್ಷ ಅವರ ಆಟವನ್ನು ನೋಡಬೇಕಾಯಿತು. 2011ರ ಇಂಗ್ಲೆಂಡ್ ಪ್ರವಾಸದಲ್ಲಿ, ತಂಡವೆಲ್ಲ ಕುಸಿದಾಗ, 38ರ ವಯಸ್ಸಿನಲ್ಲಿ ಅವರು ನಾಲ್ಕು ಟೆಸ್ಟುಗಳಲ್ಲಿ ಮೂರು ಶತಕ ಗಳಿಸಿದರು.

ಇಲ್ಲಿ ಎರಡು ಪ್ರಕರಣಗಳ ನಡುವಿನ ಒಂದು ವ್ಯತ್ಯಾಸವನ್ನು ಎತ್ತಿ ಹೇಳಲೇಬೇಕು. ದ್ರಾವಿಡರು ಎಷ್ಟು ಸೋತರೂ ಅವರನ್ನು ಸೋಮಾರಿಯೆಂದವರಿಲ್ಲ. ಅವರ ಆಟದಲ್ಲಿ ಬೆವರು ಎದ್ದು ಕಾಣುತ್ತಿತ್ತು; ಹುಬ್ಬು ಗಂಟಿಕ್ಕಿದ ಮುಖ, ಪ್ರತಿ ಚೆಂಡಿಗೂ ಬಾಗಿದ ಬೆನ್ನು. ಆದುದರಿಂದ ಅವರ ಸೋಲಿಗೆ ವಯಸ್ಸು ಕಾರಣವಾಯಿತು. ವಿಶ್ವನಾಥರದು ಮಣಿಕಟ್ಟಿನ ಆಟ. ಸ್ಕ್ವೇರ್ ಕಟ್ ಹೊಡೆದರೆ ಶ್ರಮವೇ ಇಲ್ಲವೇನೋ ಎಂಬಂತೆ ಚೆಂಡು ಗೆರೆ ಮುಟ್ಟುತ್ತಿತ್ತು. ಗೆದ್ದಾಗ ಯಾವ ಅನಾಯಾಸವನ್ನು ಜನ ಕೊಂಡಾಡಿದರೋ ಸೋತಾಗ ಅದನ್ನೇ ಅಲಕ್ಷ್ಯವೆಂದು ಕರೆದರು. ಆಟಗಾರನ ಶೈಲಿ ಬದಲಾಗಿರಲಿಲ್ಲ, ಅಂಕಿ ಮಾತ್ರ ಬದಲಾಗಿತ್ತು. ತರಗತಿಯಲ್ಲಿಯೂ ಇಂಥದೇ ನಡೆಯುವುದುಂಟು. ದುಂಡಗಿನ ಅಕ್ಷರದ, ಸದಾ ಬರೆಯುತ್ತಿರುವ ಹುಡುಗ ಕಡಿಮೆ ಅಂಕ ತಂದರೆ ಅಧ್ಯಾಪಕರಿಗೆ ಕನಿಕರ. ಕಿಟಕಿಯ ಹೊರಗೆ ನೋಡುತ್ತ ಕೂರುವವನು ಅಷ್ಟೇ ಅಂಕ ತಂದರೆ ಅವನ ಪ್ರಗತಿಪತ್ರದಲ್ಲಿ ‘ಪ್ರಯತ್ನ ಸಾಲದು’ ಎಂಬ ಷರಾ.

ಅದೃಷ್ಟದ ಪಾತ್ರವೂ ಕಡಿಮೆಯದಲ್ಲ. ದ್ರಾವಿಡರು 286 ಟೆಸ್ಟ್ ಸರದಿಗಳಲ್ಲಿ ಐವತ್ತರ ಗಡಿ ದಾಟಿದ್ದು 99 ಸಲ. ಅಂದರೆ ಜಗತ್ತಿನ ಅತಿ ನಂಬಿಕಸ್ಥ ದಾಂಡಿಗನೆನಿಸಿಕೊಂಡವರೂ ಮೂರರಲ್ಲಿ ಎರಡು ಸಲ ಐವತ್ತು ಮುಟ್ಟಲಿಲ್ಲ. ಹೀಗಿರುವಾಗ ಸತತ ಎಂಟು ಸರದಿಗಳಲ್ಲಿ ಐವತ್ತು ಬಾರದಿರುವ ಸಂಭವ, ಗಣಿತದ ಅಧ್ಯಾಪಕರು ಲೆಕ್ಕ ಹಾಕಿ ನೋಡಬಹುದು, ಸುಮಾರು 30ಕ್ಕೆ 1. ಹದಿನಾರು ವರ್ಷದ ಆಟದಲ್ಲಿ ಅಂಥ ಕೆಟ್ಟ ಸಾಲು, ಆಟಗಾರನಲ್ಲಿ ಯಾವ ಬದಲಾವಣೆಯೂ ಆಗದೆ, ತಾನಾಗಿಯೇ ಹಲವು ಸಲ ಬಂದುಹೋಗಬಹುದು. ಇದಕ್ಕೆ ಮೊಹಿಂದರ್ ಅಮರನಾಥರಿಗಿಂತ ಕಟುವಾದ ನಿದರ್ಶನ ಬೇಕಿಲ್ಲ. ವಿಶ್ವನಾಥರು ಸೋತ ಆ ಪಾಕಿಸ್ತಾನದ ಸರಣಿಯಲ್ಲಿ ಅವರು 584 ರನ್ ಗಳಿಸಿದರು. ಕೂಡಲೇ ವೆಸ್ಟ್ ಇಂಡೀಸಿಗೆ ಹೋಗಿ ಅಲ್ಲಿನ ಭಯಂಕರ ವೇಗಿಗಳೆದುರು 598. ಅದೇ ವರ್ಷದ ಕೊನೆಗೆ ಅದೇ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ ಆರು ಸರದಿಗಳಲ್ಲಿ ಅವರು ಗಳಿಸಿದ್ದು ಒಟ್ಟು ಒಂದೇ ಒಂದು ರನ್. ಕೆಲವೇ ತಿಂಗಳುಗಳಲ್ಲಿ ಅವರ ಶ್ರದ್ಧೆಯೂ ಕಣ್ಣೂ ಕಾಲೂ ಒಟ್ಟಿಗೇ ಕೆಟ್ಟವೆಂದು ಯಾರು ಹೇಳಿಯಾರು? 1984ರ ಅಕ್ಟೋಬರಿನಲ್ಲಿ ಲಾಹೋರಿನಲ್ಲಿ ಔಟಾಗದೆ 101 ಹೊಡೆದು ಅವರು ಮರಳಿದರು.

ಈ ಜಿಜ್ಞಾಸೆ ಕ್ರಿಕೆಟ್ಟಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಹತ್ತು ಯತ್ನಗಳಲ್ಲಿ ಮೂರು ಸಲ ಸರಿಯಾಗಿ ಹೊಡೆದವನನ್ನು ಶ್ರೇಷ್ಠನೆನ್ನುತ್ತಾರೆ. ಅಂಥ ಶ್ರೇಷ್ಠರಲ್ಲಿ ಶ್ರೇಷ್ಠನಾದ ವಿಲ್ಲೀ ಮೇಸ್ 42ರ ವಯಸ್ಸಿನಲ್ಲಿ, 1973ರಲ್ಲಿ, ನೂರಕ್ಕೆ 21ರ ಮಟ್ಟಕ್ಕೆ ಇಳಿದು, ಆ ವರ್ಷದ ಅಂತಿಮ ಸರಣಿಯಲ್ಲಿ ಚೆಂಡನ್ನು ಹಿಡಿಯಹೋಗಿ ಮೈದಾನದಲ್ಲಿ ಮುಗ್ಗರಿಸಿದಾಗ ಅಲ್ಲಿನ ಅಭಿಮಾನಿಗಳು ಪಟ್ಟ ಸಂಕಟ ಸಿದ್ದಾಪುರದವರಿಗೆ ಅರ್ಥವಾಗದ್ದೇನಲ್ಲ.

ಸಿದ್ದಾಪುರ, ಶಿರಸಿ, ಯಲ್ಲಾಪುರದ ರಸಿಕರಿಗೆ ಕಲಾವಿದನ ಇಳಿಗಾಲವನ್ನು ನೋಡುವ ಇನ್ನೊಂದು ರೀತಿಯೂ ಗೊತ್ತು. ಯಕ್ಷಗಾನದಲ್ಲಿ ವೇಷಧಾರಿಗೆ ವಯಸ್ಸಾದರೆ ಕುಣಿತ ತಗ್ಗುತ್ತದೆ. ಅಭಿನಯವೂ ಮಾತೂ ಆ ಜಾಗವನ್ನು ತುಂಬುತ್ತವೆ. ಭಾಗವತರು ಕಾಲ ನೋಡಿ ಪದ್ಯವನ್ನು ಎತ್ತುತ್ತಾರೆ, ಮದ್ದಳೆ ಜೊತೆಗೆ ನಿಲ್ಲುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ರಂಗಕ್ಕೆ ಬಂದದ್ದನ್ನು ಕಂಡವರು ಈ ಭಾಗದಲ್ಲಿ ಎಷ್ಟೋ ಜನ. ಕ್ರಿಕೆಟ್ಟಿನಲ್ಲಿ ಎದುರಿನವನು ಭಾಗವತನಲ್ಲ. ವಯಸ್ಸನ್ನು ನೋಡಿ ಚೆಂಡಿನ ವೇಗವನ್ನು ಯಾರೂ ತಗ್ಗಿಸುವುದಿಲ್ಲ. ಹಾಗಾಗಿ ಅಲ್ಲಿನ ತೀರ್ಪು ಇಲ್ಲಿನದಕ್ಕಿಂತ ನಿಷ್ಕರುಣವಾಗಿರುವುದು ಅನಿವಾರ್ಯವೇನೋ.

ದ್ರಾವಿಡರ ನಿಜವಾದ ಇಳಿಗಾಲ ಬಂದದ್ದು 2011-12ರ ಆಸ್ಟ್ರೇಲಿಯ ಪ್ರವಾಸದಲ್ಲಿ. ಅದೂ ಅಡಿಕೆ ಕೊಯ್ಲಿನ ಕಾಲವೇ. ಮೆಲ್ಬೋರ್ನಿನ ಆಟ ನೋಡಲು ಇಲ್ಲಿನವರು ನಸುಕಿನ ಐದು ಗಂಟೆಗೆ ಎದ್ದು ಕೂರಬೇಕಿತ್ತು. ಎಂಟು ಸರದಿಗಳಲ್ಲಿ 194 ರನ್. ಎಂಟರಲ್ಲಿ ಆರು ಸಲ ಚೆಂಡು ನೇರವಾಗಿ ವಿಕೆಟ್ಟನ್ನೇ ಬಡಿಯಿತು. ‘ಗೋಡೆ’ಯೆಂದು ಹೆಸರಾದವರ ವಿಷಯದಲ್ಲಿ ಆ ಆರು ಎಂಬ ಸಂಖ್ಯೆ 194ಕ್ಕಿಂತ ಹೆಚ್ಚಿನದನ್ನು ಹೇಳುತ್ತಿತ್ತು. ರನ್ ಕಡಿಮೆಯಾಗುವುದು ದುರದೃಷ್ಟವಿರಬಹುದು. ಒಂದೇ ಸಂದಿನಲ್ಲಿ ಚೆಂಡು ಮತ್ತೆ ಮತ್ತೆ ನುಸುಳುವುದು ಬೇರೆ. ಇಷ್ಟಾದರೂ ಅನುಮಾನಕ್ಕೆ ಎಡೆಯಿತ್ತು, ಏಕೆಂದರೆ 2008ರಲ್ಲಿಯೂ ಜನ ಇಷ್ಟೇ ಖಚಿತವಾಗಿ ಮಾತನಾಡಿದ್ದರು. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ದ್ರಾವಿಡರೇ ನಿವೃತ್ತಿಯನ್ನು ಸಾರಿ ಚರ್ಚೆಯನ್ನು ಮುಗಿಸಿದರು. 164 ಟೆಸ್ಟುಗಳು, 13,288 ರನ್.

ವಿಶ್ವನಾಥರ ಚರ್ಚೆಗೆ ಅಂಥ ಮುಕ್ತಾಯ ದೊರೆಯಲಿಲ್ಲ. ಕರಾಚಿಯ ಬಳಿಕ ಹೊರಟ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಅವರು ಆಯ್ಕೆಯಾಗಲಿಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ನಾಲ್ಕನೆಯ ಸರದಿಯಲ್ಲಿ 403 ರನ್ನುಗಳ ಗುರಿಯನ್ನು ಭಾರತ ತಲುಪಿದಾಗ 112 ಹೊಡೆದಿದ್ದವರು ಅವರೇ. ಆ ನೆಲ ಅವರಿಗೆ ಅಪರಿಚಿತವಾಗಿರಲಿಲ್ಲ. ಮೊಹಾಲಿಯಂಥ ಇನ್ನೊಂದು ಪಂದ್ಯ ಅವರಿಗೆ ಸಿಕ್ಕಿದ್ದರೆ ಆ 134 ರನ್ನುಗಳ ಸರಣಿ ಒಂದು ಕೆಟ್ಟ ಚಳಿಗಾಲವೆಂದು ಮರೆತುಹೋಗುತ್ತಿತ್ತೋ, ಇಳಿತದ ಆರಂಭವೆಂದು ಸಿದ್ಧವಾಗುತ್ತಿತ್ತೋ, ಅಂಕಿಗಳಿಂದ ಹೇಳಲು ಬರುವುದಿಲ್ಲ. ಅವರ ಟೆಸ್ಟ್ ಲೆಕ್ಕ 91 ಪಂದ್ಯ, 6,080 ರನ್, 14 ಶತಕಗಳಿಗೆ ನಿಂತಿತು. ಆ ಮೇಲೆಯೂ ಅವರು ಕೆಲವು ವರ್ಷ ಕರ್ನಾಟಕದ ಪರವಾಗಿ ರಣಜಿ ಪಂದ್ಯಗಳಲ್ಲಿ ದಾಂಡು ಹಿಡಿದರು.