ಪಾತಾಳಗರಡಿಯೂ ಕಡಲಾಳದ ಯಂತ್ರವೂ

ರೋಣ, ನರಗುಂದ, ಗಜೇಂದ್ರಗಡಗಳ ವಿದ್ಯಾರ್ಥಿಗಳಿಗೆ ಕಡಲು ಬಲು ದೂರ. ಆದರೆ ಪಾತಾಳಗರಡಿಯ ಹೆಸರನ್ನು ಅವರಲ್ಲಿ ಹಲವರು ಹಿರಿಯರಿಂದ ಕೇಳಿರಬಹುದು. ಹಗ್ಗ ಹರಿದು ಕೊಡವು ಬಾವಿಗೆ ಬಿದ್ದರೆ, ಹಲವು ಕೊಕ್ಕೆಗಳುಳ್ಳ ಈ ಕಬ್ಬಿಣದ ಸಾಧನವನ್ನು ಇಳಿಬಿಟ್ಟು ಅದನ್ನು ಮೇಲೆತ್ತುತ್ತಿದ್ದರು. ಬಾವಿಯ ತಳ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಕೊಕ್ಕೆ ಕಲ್ಲಿಗೆ ತಾಗಿತೇ, ಕೆಸರಿನಲ್ಲಿ ಹೂತಿತೇ, ಕೊಡದ ಕಂಠಕ್ಕೆ ಸಿಕ್ಕಿತೇ ಎಂಬುದನ್ನು ಹಗ್ಗವೇ ಕೈಗೆ ತಿಳಿಸುತ್ತಿತ್ತು.

ಕಡಲಾಳದಲ್ಲಿ ದುಡಿಯುವ ದೂರಚಾಲಿತ ಯಂತ್ರಗಳೂ ಒಂದರ್ಥದಲ್ಲಿ ಪಾತಾಳಗರಡಿಗಳೇ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ರೋಸಬ್ 6000’ ಎಂಬ ಯಂತ್ರವು 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಆಳಕ್ಕೆ ಇಳಿಯಿತು. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುವುದರಿಂದ, ಅಲ್ಲಿಯ ಒತ್ತಡವು ನೆಲದ ಮೇಲಿನದಕ್ಕಿಂತ 500 ಪಟ್ಟಿಗೂ ಹೆಚ್ಚು. ರೇಡಿಯೊ ಅಲೆಗಳು ಉಪ್ಪುನೀರಿನಲ್ಲಿ ಬೇಗನೆ ಅಡಗಿಹೋಗುವುವು. ಆದಕಾರಣ ಇಂಥ ಯಂತ್ರವನ್ನು ಉದ್ದವಾದ ಕೇಬಲ್ಲಿನಿಂದ ಹಡಗಿಗೆ ಜೋಡಿಸಿರುವರು. ಚಾಲಕನು ಹಡಗಿನ ಕೋಣೆಯಲ್ಲಿ ಪರದೆಯ ಮುಂದೆ ಕುಳಿತು ಅದನ್ನು ನಡೆಸುವನು.

ತೊಡಕಿರುವುದು ಇಲ್ಲಿಯೇ. ಈ ಕೇಬಲ್ಲು ಚಿತ್ರವನ್ನೂ ಅಂಕಿಗಳನ್ನೂ ತರುವುದು. ಬಾವಿಯ ಹಗ್ಗದಂತೆ ಕೈಗೆ ಸ್ಪರ್ಶವನ್ನು ತರಲಾರದು. ಯಂತ್ರ ವಾಲಿದರೂ ಚಾಲಕನ ಮೈ ವಾಲುವುದಿಲ್ಲ. ಒಂದೇ ಕ್ಯಾಮರಾದ ಚಿತ್ರದಲ್ಲಿ ದೂರದ ಅಂದಾಜೂ ತಪ್ಪುವುದು. ಒಂದು ಕಣ್ಣನ್ನು ಮುಚ್ಚಿ, ತೋಳುಗಳನ್ನು ಚಾಚಿ, ಎರಡು ಪೆನ್ಸಿಲುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿರಿ. ಚಾಲಕನ ಪಾಡು ತಿಳಿಯುವುದು.

ಹೀಗೆ ಕಳೆದುಹೋದ ಅರಿವನ್ನು ಪರದೆಯು ಮರಳಿ ಕೊಡಬೇಕು. ವಾಲಿಕೆಯನ್ನು ತೋರುವ ಅಡ್ಡಗೆರೆ, ಆಳ, ದಿಕ್ಕು, ತಳದಿಂದಿರುವ ಎತ್ತರ, ಕೇಬಲ್ಲು ಎಷ್ಟು ಸುತ್ತು ತಿರುಚಿಕೊಂಡಿದೆ ಎಂಬ ಲೆಕ್ಕ, ಇವೆಲ್ಲ ಚಿತ್ರದ ಸಮೀಪದಲ್ಲಿಯೇ ಇದ್ದರೆ ಕಣ್ಣು ಅಲೆಯಬೇಕಾಗದು. ಹಾಗೆಂದು ಸಿಕ್ಕ ಅಂಕಿಗಳನ್ನೆಲ್ಲ ತುಂಬಿದರೆ ಬೇಕಾದುದು ಬೇಡವಾದುದರಲ್ಲಿ ಮರೆಯಾಗುವುದು.

ಎಡವಿದಾಗ ಚಾಲಕನನ್ನು ಹಳಿಯುವುದು ಸುಲಭ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೆಲವು ವಿಮಾನಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪುಗಳ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಎರಡರ ಹಿಡಿಗಳೂ ಒಂದೇ ಬಗೆಯವಾಗಿ ಹತ್ತಿರ ಹತ್ತಿರ ಇದ್ದುವು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿಯು ಒಂದು ಹಿಡಿಗೆ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಬೆಣೆಯ ಆಕಾರವನ್ನೂ ಸೂಚಿಸಿದನು. ಕತ್ತಲಲ್ಲಿಯೂ ಕೈಗೆ ಗುರುತು ಸಿಕ್ಕಿತು. ದೋಷವಿದ್ದುದು ಮನುಷ್ಯನಲ್ಲಿ ಅಲ್ಲ, ಹಿಡಿಯಲ್ಲಿ.

ಇದು ಕೇವಲ ಅನುಕೂಲದ ಮಾತಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಗೆ ಜಾರಿತು. ಸೆಳವು ಮುಳುಗುಗಾರರನ್ನು ತಡೆಯಿತು. ಕೆಂಪು ನೀರಿನಲ್ಲಿ ಕಣ್ಣಿಗೆ ಕೆಲಸವಿರಲಿಲ್ಲ. ಶಬ್ದದ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ಸೋನಾರನ್ನು ನೆಚ್ಚಬೇಕಾಯಿತು. ಲಾರಿಯೊಂದು ಅದರ ಚಾಲಕನ ದೇಹದೊಡನೆ ಮೇಲೆ ಬಂದುದು ಸೆಪ್ಟೆಂಬರ್ 25ರಂದು. ಸೋನಾರಿನ ಪರದೆಯಲ್ಲಿ ಕಾಣುವುದು ಬೆಳಕು ನೆರಳುಗಳ ಕಲೆಗಳು ಮಾತ್ರ. ಬಂಡೆ ಯಾವುದು, ವಾಹನ ಯಾವುದು ಎಂದು ನಿರ್ಣಯಿಸುವವನು ಮನುಷ್ಯನೇ. ದಡದಲ್ಲಿ ಕಾದು ನಿಂತವರ ಆಸೆ ಅವನ ನಿರ್ಣಯವನ್ನು ಅವಲಂಬಿಸಿರುವುದು.

ಆದುದರಿಂದ ಇಂಥ ಯಂತ್ರವನ್ನು ಕಾಣುವಾಗ ಅದು ಎಷ್ಟು ಆಳಕ್ಕೆ ಇಳಿಯಬಲ್ಲುದೆಂದು ಮಾತ್ರ ಕೇಳಿದರೆ ಸಾಲದು. ಕೆಳಗೆ ಏನಾಗುತ್ತಿದೆ ಎಂಬುದನ್ನು, ಬಾವಿಯ ಹಗ್ಗದಷ್ಟು ಸ್ಪಷ್ಟವಾಗಿ, ಮೇಲಿರುವವನಿಗೆ ತಿಳಿಸಬಲ್ಲುದೇ ಎಂದೂ ನಾವು ಕೇಳಬೇಕು.